ಪಾತ್ರ ತೊಡಿ, ಮೈಬಣ್ಣ ಬಿಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಕಾಸ್ಪ್ಲೇ ಬಗ್ಗೆ. ಕಾಮಿಕ್ಸ್, ಅನಿಮೆ ಎಂಬ ಜಪಾನಿನ ಕಾರ್ಟೂನ್, ವಿಡಿಯೊ ಗೇಮ್, ಸಿನಿಮಾಗಳಲ್ಲಿ ಬರುವ ಪಾತ್ರದ ಹಾಗೆ ಬಟ್ಟೆ ಹೊಲಿದು, ವಿಗ್ ಹಾಕಿ, ಆಯುಧ ಹಿಡಿದು, ದಿನವಿಡೀ ಆ ಪಾತ್ರವೇ ಆಗಿ ಓಡಾಡುವ ಹವ್ಯಾಸ ಇದು. ನಿಮ್ಮ ಮನೆಯಲ್ಲಿ ಹದಿನಾರು ಹದಿನೇಳರ ಮಕ್ಕಳಿದ್ದರೆ ನಿಮಗೆ ಇದು ಗೊತ್ತೇ ಇರುತ್ತದೆ. ನಡುಮನೆ ತುಂಬ ಫೋಮ್ ಚೂರು, ಅಂಟು, ಬಟ್ಟೆಯ ತುಂಡು ಬಿದ್ದಿರುತ್ತವೆ. ಬೈಯಬೇಡಿ. ಇದೇನು ನಿನ್ನೆ ಮೊನ್ನೆ ಶುರುವಾದದ್ದಲ್ಲ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನ ನಡೆಯಿತು. ಫಾರೆಸ್ಟ್ ಅಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬ ಇಬ್ಬರು ಅಲ್ಲಿಗೆ ಮುಂದಿನ ಕಾಲದ ಮನುಷ್ಯರ ಹಾಗೆ ಉಡುಪು ತೊಟ್ಟು ಬಂದರು. ಆ ಬಟ್ಟೆ ಹೊಲಿದವರು ಮರ್ಟಲ್.

ನಾನು ಮೇಕಪ್ ಕಲಿಸುವವನು. ರಂಗದ ಮೇಲಿನ ಮುಖಗಳಿಗೆ ಬಣ್ಣ ಹಾಕುತ್ತಲೇ ವಯಸ್ಸಾಗಿದೆ. ಕಾಸ್ಪ್ಲೇ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿಯೂ ಕೂರುತ್ತೇನೆ. ಹೋದಲ್ಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸಾರ್, ನನಗೆ ಇಷ್ಟವಾದ ಪಾತ್ರದ ಮೈಬಣ್ಣ ಕಪ್ಪು. ನಾನು ಅಷ್ಟು ಕಪ್ಪಿಲ್ಲ. ಮೈಗೆಲ್ಲ ಗಾಢ ಫೌಂಡೇಶನ್ ಬಳಿದುಕೊಳ್ಳಲಾ? ತಪ್ಪಾಗುತ್ತಾ?"

ತಪ್ಪಾಗುತ್ತದೆ. ಬಳಿದುಕೊಳ್ಳಬೇಡಿ. ಪಾತ್ರ ತೊಡಿ, ಮೈಬಣ್ಣ ಬಿಡಿ. ಇವತ್ತು ನಾನು ಹೇಳಬೇಕಿರುವುದು ಇಷ್ಟೇ. ಉಳಿದದ್ದೆಲ್ಲ ಇದು ಯಾಕೆ ಅನ್ನುವುದರ ವಿವರ.

ಕೇಳಿದ ಮಕ್ಕಳು ಕೂಡಲೇ ಮುಖ ಸಪ್ಪಗೆ ಮಾಡುತ್ತಾರೆ. "ನಾನು ಯಾರನ್ನೂ ಗೇಲಿ ಮಾಡುತ್ತಿಲ್ಲ ಸಾರ್. ಆ ಪಾತ್ರ ಅಂದ್ರೆ ನನಗೆ ಪ್ರಾಣ." ನಂಬುತ್ತೇನೆ. ಕೆಟ್ಟ ಮನಸ್ಸಿನಿಂದ ಕೇಳುವವರನ್ನು ನಾನು ನೋಡಿಲ್ಲ ಅಂದರೂ ನಡೆಯುತ್ತದೆ. ಆದರೆ ಆ ಬಣ್ಣಕ್ಕೆ ನಿಮ್ಮ ಮನಸ್ಸು ಗೊತ್ತಿಲ್ಲ. ಅದಕ್ಕೆ ಅದರದೇ ಒಂದು ಚರಿತ್ರೆ ಇದೆ. ನೀವು ಹುಟ್ಟುವ ಮೊದಲೇ ಅದು ಬೇಕಾದಷ್ಟು ಕೆಲಸ ಮಾಡಿ ಮುಗಿಸಿದೆ.

ಆ ಚರಿತ್ರೆ ಅಮೆರಿಕದ್ದು. 1830ರ ಆಸುಪಾಸು. ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಕಪ್ಪು ಬಳಿದು, ಹರಕು ಬಟ್ಟೆ ತೊಟ್ಟು, ಜಿಮ್ ಕ್ರೋ ಎಂಬ ಕಪ್ಪು ಆಳಿನ ಪಾತ್ರ ಮಾಡಿ ಕುಂಟುತ್ತ ಕುಣಿದ. ಜನ ಮುಗಿಬಿದ್ದರು. 1843ರ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ವರ್ಜೀನಿಯಾ ಮಿನ್‌ಸ್ಟ್ರೆಲ್ಸ್ ಎಂಬ ತಂಡ ಇಡೀ ಸಂಜೆಯ ಪ್ರದರ್ಶನವನ್ನೇ ಕೊಡತೊಡಗಿತು. ಆಮೇಲೆ ಅಂಥ ತಂಡಗಳು ಒಂದರ ಹಿಂದೆ ಒಂದು ಹುಟ್ಟಿಕೊಂಡವು. ಅವರು ಬಣ್ಣ ಮಾಡುತ್ತಿದ್ದ ಬಗೆ ಕೇಳಿ. ಬಾಟಲಿಯ ಬಿರಡೆಗಳಿಗೆ ಮದ್ಯಸಾರ ಸುರಿದು ಬೆಂಕಿ ಕೊಡುವುದು. ಉರಿದ ಮಸಿಯನ್ನು ಪುಡಿ ಮಾಡಿ, ನೀರು ಹಾಕಿ ಕಲಸಿ ಮುಖಕ್ಕೆ ಮೆತ್ತುವುದು. ಬಾಯಿಯ ಸುತ್ತ ಮಾತ್ರ ಅಗಲವಾಗಿ ಜಾಗ ಬಿಟ್ಟು ಕೆಂಪೋ ಬಿಳಿಯೋ ಬಳಿಯುವುದು. ಆಗ ತುಟಿ ನಿಜಕ್ಕಿಂತ ಮೂರು ಪಟ್ಟು ದಪ್ಪ ಕಾಣುತ್ತದೆ. ಅಂಥ ಬಾಯಿ ಯಾವ ಮನುಷ್ಯನಿಗೂ ಇಲ್ಲ. ಆ ಮುಖ ಇಟ್ಟುಕೊಂಡು ಅವರು ತೋರಿಸಿದ್ದು ಒಂದೇ. ಕಪ್ಪು ಜನ ಪೆದ್ದರು, ಸೋಮಾರಿಗಳು, ಕಳ್ಳರು, ಗುಲಾಮಗಿರಿಯಲ್ಲೇ ಖುಷಿಯಾಗಿ ಇರುವವರು. ಇತ್ತ ರಂಗದ ಮೇಲೆ ಇದು ನಡೆಯುತ್ತಿದ್ದಾಗ ಅತ್ತ ಹೊಲಗಳಲ್ಲಿ ನಿಜವಾದ ಕಪ್ಪು ಜನ ಚಾಟಿಯೇಟು ತಿನ್ನುತ್ತಿದ್ದರು. 1865ರಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಯಿತು. ಆದರೂ ಕಪ್ಪು ಜನರನ್ನು ರೈಲಿನಲ್ಲಿ, ಶಾಲೆಯಲ್ಲಿ, ಹೋಟೆಲಿನಲ್ಲಿ ಬೇರೆ ಕೂರಿಸುವ ಕಾನೂನುಗಳು ಬಂದವು. ಆ ಕಾನೂನುಗಳಿಗೆ ಅಂಟಿದ ಹೆಸರು ಯಾವುದು ಗೊತ್ತೇ? ಆ ನಾಟಕದ ಪಾತ್ರದ ಹೆಸರೇ. ಜಿಮ್ ಕ್ರೋ ಕಾನೂನುಗಳು.

ಈಗ ಒಬ್ಬ ಕಲಾವಿದನ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಕೇಳಿ. ನನ್ನ ಪ್ರತಿ ತರಗತಿಯಲ್ಲೂ ಇದನ್ನು ಹೇಳದೆ ನಾನು ಬ್ರಷ್ ಮುಟ್ಟಲು ಬಿಡುವುದಿಲ್ಲ.

ಬರ್ಟ್ ವಿಲಿಯಮ್ಸ್. 1874ರಲ್ಲಿ ಬಹಾಮಾಸ್ ದ್ವೀಪಗಳ ನಸ್ಸಾವಿನಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗಲೇ ಮನೆಯವರ ಜೊತೆ ಅಮೆರಿಕಕ್ಕೆ ಬಂದರು. ಎತ್ತರದ ಆಳು, ಓದಿನ ಹುಚ್ಚು, ಒಳ್ಳೆಯ ದನಿ. ಕಪ್ಪು ಜನಾಂಗದವರು, ಆದರೆ ಮೈಬಣ್ಣ ತಿಳಿಯಾದದ್ದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರಿಗೆ ಜಾರ್ಜ್ ವಾಕರ್ ಎಂಬ ಕಪ್ಪು ಕಲಾವಿದ ಜೊತೆಯಾದರು. ಇಬ್ಬರೂ ಹಾಡಿ, ಕುಣಿದು, ನಗಿಸಿ ಹೊಟ್ಟೆ ಹೊರೆಯಬೇಕು. ಆಗಿನ ಪರಿಸ್ಥಿತಿ ಹೇಗಿತ್ತು ಅಂದರೆ ಕಪ್ಪು ಜನರ ಪಾತ್ರಗಳನ್ನು ಹೆಚ್ಚಾಗಿ ಬಿಳಿಯರು ಮಸಿ ಬಳಿದು ಮಾಡುತ್ತಿದ್ದರು. ಪ್ರೇಕ್ಷಕರಿಗೆ ಆ ಮಸಿಮುಖವೇ ರೂಢಿಯಾಗಿಬಿಟ್ಟಿತ್ತು. ಹಾಗಾಗಿ ಇವರಿಬ್ಬರು "ನಾವು ಅಸಲಿ" ಎಂದು ಬೋರ್ಡು ಹಾಕಿಕೊಂಡು ರಂಗಕ್ಕೆ ಬಂದರು.

ಅಸಲಿ ಅಂದವರು ಏನು ಮಾಡಬೇಕಾಯಿತು ನೋಡಿ. ವಾಕರ್ ಬಳಿಯಲಿಲ್ಲ, ಅವರದು ಠಾಕುಠೀಕು ಶೋಕಿಲಾಲನ ಪಾತ್ರ. ವಿಲಿಯಮ್ಸ್ ಬಳಿದರು. ಕಪ್ಪು ಮನುಷ್ಯ ಕಪ್ಪು ಮನುಷ್ಯನ ಪಾತ್ರ ಮಾಡಲು ಮುಖಕ್ಕೆ ಸುಟ್ಟ ಬಿರಡೆಯ ಮಸಿ ಮೆತ್ತಿಕೊಂಡರು. ಬಾಯಿ ಸುತ್ತ ಅದೇ ಅಗಲ ತುಟಿ ಬರೆದುಕೊಂಡರು. ತಲೆಗೆ ವಿಗ್. ಕೈಗೆ ಗ್ಲೋವ್ಸ್.

ಇಲ್ಲಿ ಸ್ವಲ್ಪ ನಿಲ್ಲಿ. ಆ ಮಸಿ ಕಪ್ಪಾಗಿ ಕಾಣುವುದಕ್ಕಾಗಿ ಇದ್ದಿದ್ದರೆ ಕಪ್ಪು ಮನುಷ್ಯನಿಗೆ ಅದು ಯಾಕೆ ಬೇಕಿತ್ತು? ದೇವರು ಕೊಟ್ಟ ಮೈ ಇತ್ತಲ್ಲ, ಸಾಲದಾಗಿತ್ತೇ? ಸಾಲದು ಅಂದರು ನೋಡುವವರು. ಅವರಿಗೆ ಬೇಕಿದ್ದದ್ದು ಮನುಷ್ಯನ ಮುಖ ಆಗಿರಲಿಲ್ಲ, ತಾವು ಮನಸ್ಸಿನಲ್ಲಿ ಬರೆದಿಟ್ಟುಕೊಂಡ ಗೇಲಿಯ ಮುಖ. ಅದನ್ನು ಹಾಕಿಕೊಂಡರೆ ಮಾತ್ರ ರಂಗಕ್ಕೆ ಪ್ರವೇಶ. ಮೈಬಣ್ಣ ಬಳಿಯುವುದರ ಬಗ್ಗೆ ನನ್ನ ಹತ್ತಿರ ಯಾರೇ ವಾದಕ್ಕೆ ಬರಲಿ, ನಾನು ವಿಲಿಯಮ್ಸ್ ಅವರ ಫೋಟೊ ಎರಡು ಮುಂದಿಡುತ್ತೇನೆ. ಒಂದು ಬಣ್ಣವಿಲ್ಲದ್ದು. ಕೋಟು ತೊಟ್ಟ, ಗಂಭೀರ ಕಣ್ಣಿನ ಚೆಂದದ ಮನುಷ್ಯ. ಇನ್ನೊಂದು ಬಣ್ಣ ಹಾಕಿದ್ದು. ಎರಡೂ ಒಬ್ಬರೇ ಅನ್ನುವುದು ಹೇಳದಿದ್ದರೆ ಗೊತ್ತಾಗುವುದಿಲ್ಲ. ಬಣ್ಣ ಆ ಮನುಷ್ಯನನ್ನು ತೋರಿಸಲಿಲ್ಲ, ಅಳಿಸಿಬಿಟ್ಟಿತು.

ಆದರೆ ಎಂಥ ಪ್ರತಿಭೆ ಅಂತೀರಿ! ಆ ಮಸಿಯ ಒಳಗಿಂದಲೇ ಅವರು ಜನರನ್ನು ನಗಿಸಿದರು, ಗಂಟಲು ಕಟ್ಟುವ ಹಾಗೆಯೂ ಮಾಡಿದರು. 1903ರಲ್ಲಿ ಅವರು ಮತ್ತು ವಾಕರ್ ಸೇರಿ ಕಪ್ಪು ಕಲಾವಿದರೇ ಬರೆದು ಆಡಿದ ಪೂರ್ಣ ಸಂಗೀತ ನಾಟಕವನ್ನು ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳಿರುವ ಬ್ರಾಡ್‌ವೇಗೆ ತಂದರು. ಅದೇ ವರ್ಷ ಲಂಡನ್‌ಗೆ ಹೋಗಿ ಬಕಿಂಗ್‌ಹ್ಯಾಮ್ ಅರಮನೆಯಲ್ಲೂ ಆಡಿದರು. 1910ರಲ್ಲಿ ಜೀಗ್‌ಫೆಲ್ಡ್ ಫಾಲೀಸ್ ಎಂಬ ದೊಡ್ಡ ಪ್ರದರ್ಶನಕ್ಕೆ ವಿಲಿಯಮ್ಸ್ ಅವರನ್ನು ತೆಗೆದುಕೊಂಡಾಗ, ಜೊತೆಯ ಬಿಳಿಯ ನಟರಲ್ಲಿ ಕೆಲವರು "ಇವನಿದ್ದರೆ ನಾವಿಲ್ಲ" ಎಂದು ಎದ್ದರು. ಅವರು ಹೋಗಲಿಲ್ಲ, ಇವರು ಉಳಿದರು, ಮುಂದೆ ಆ ಪ್ರದರ್ಶನದ ದೊಡ್ಡ ತಾರೆಯಾದರು. ದೊಡ್ಡ ತಾರೆಯಾದ ಮೇಲೂ ಮಸಿ ಮಾತ್ರ ಬಿಡಲಿಲ್ಲ. 1922ರ ಫೆಬ್ರುವರಿಯಲ್ಲಿ ಡೆಟ್ರಾಯಿಟ್‌ನ ರಂಗದ ಮೇಲೆ ಕುಸಿದರು. ಅದೂ ತಮಾಷೆಯ ಒಂದು ಭಾಗ ಅಂದುಕೊಂಡು ಜನ ನಕ್ಕರಂತೆ. ಮಾರ್ಚ್ 4ರಂದು ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಆಗ 47 ವರ್ಷ.

ಇಷ್ಟು ಕೇಳಿದ ಮೇಲೂ "ಸುಮ್ನೆ ಮೇಕಪ್ ಅಲ್ವಾ ಸಾರ್" ಅಂದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಮೇಕಪ್ ನನ್ನ ಕಸುಬು. ಅದನ್ನು ಸುಮ್ನೆ ಅನ್ನಿಸಿಕೊಳ್ಳಲು ನಾನು ತಯಾರಿಲ್ಲ. ಮುಖಕ್ಕೆ ಹಾಕಿದ್ದೆಲ್ಲ ಏನೋ ಒಂದು ಹೇಳುತ್ತದೆ, ನೀವು ಬಾಯಿ ಬಿಡದಿದ್ದರೂ.

ಕಥೆಯಲ್ಲೇ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

"ಹಾಗಾದರೆ ಹಸಿರು, ನೀಲಿ ಬಳಿಯಬಹುದಾ?" ಧಾರಾಳವಾಗಿ. ಮಾರ್ವೆಲ್ ಸಿನಿಮಾದ ಗಮೋರಾಳ ಹಸಿರು ಬಳಿಯಿರಿ, ಅವತಾರ್ ಸಿನಿಮಾದ ನಾವಿ ಜನರ ನೀಲಿ ಬಳಿಯಿರಿ. ಹಸಿರು ಮೈಯವರು ಅಂತ ಯಾರನ್ನೂ ಯಾರೂ ಬಸ್ಸಿನಿಂದ ಇಳಿಸಿಲ್ಲ. ಹಸಿರು ಮೈಯವರನ್ನು ಸಂತೆಯಲ್ಲಿ ನಿಲ್ಲಿಸಿ ಮಾರಿಲ್ಲ. ಹಸಿರು ಕಲ್ಪನೆಯ ಬಣ್ಣ. ಕಪ್ಪು ಬದುಕಿರುವ ಜನರ ಮೈ. ನೀವು ಸಂಜೆ ಅದನ್ನು ತೊಳೆದುಕೊಂಡು ಮಲಗುತ್ತೀರಿ. ಅವರು ಅದರಲ್ಲೇ ಎದ್ದು ಮರುದಿನ ಕೆಲಸಕ್ಕೆ ಹೋಗಬೇಕು, ಮನೆ ಬಾಡಿಗೆಗೆ ಕೇಳಬೇಕು, ಪೊಲೀಸರ ಮುಂದೆ ನಿಲ್ಲಬೇಕು.

"ಮೂಲಕ್ಕೆ ನಿಷ್ಠೆ ಬೇಡವಾ?" ಬೇಕು. ಆದರೆ ಈ ನಿಷ್ಠೆಯ ಲೆಕ್ಕ ಎಲ್ಲರಿಗೂ ಒಂದೇ ಇರಲಿ. ಅಮೆರಿಕದ ಕಪ್ಪು ಕಾಸ್ಪ್ಲೇಯರ್ ಚಾಕಾ ಕಂಬರ್‌ಬ್ಯಾಚ್ ಅನಿಮೆಯ ಬೆಳ್ಳನೆಯ ನಾಯಕಿ ಸೈಲರ್ ವೀನಸ್ ವೇಷ ಹಾಕಿದಾಗ ಅವರು ಮುಖಕ್ಕೆ ಬಿಳಿ ಬಳಿದಿರಲಿಲ್ಲ. ಬಟ್ಟೆ, ವಿಗ್, ನಿಲುವು ಎಲ್ಲ ಸರಿಯಾಗಿತ್ತು. ಆದರೂ ಮೈಬಣ್ಣ ಹಿಡಿದು ಹೀನಾಯವಾಗಿ ಬೈದರು ಜನ. ಆ ನೋವನ್ನು ಅವರು ಬರೆದು ಹೇಳಿಕೊಂಡರು. 2015ರಲ್ಲಿ ಕಪ್ಪು ಕಾಸ್ಪ್ಲೇಯರ್‌ಗಳಿಗಾಗಿಯೇ ಒಂದು ಅಭಿಯಾನ ಶುರು ಮಾಡಿದರು. ಫೆಬ್ರುವರಿ ಅಮೆರಿಕದಲ್ಲಿ ಕಪ್ಪು ಜನರ ಇತಿಹಾಸದ ತಿಂಗಳು. ಆ ತಿಂಗಳ 28 ದಿನವೂ ಕಪ್ಪು ಕಾಸ್ಪ್ಲೇಯರ್‌ಗಳ ಚಿತ್ರಗಳು. ಒಮ್ಮೆ ಹುಡುಕಿ ನೋಡಿ, ಕಣ್ಣು ತುಂಬುತ್ತದೆ. ಯಾರೂ ಬಿಳಿ ಬಳಿದಿಲ್ಲ. ಎಲ್ಲ ಪಾತ್ರಗಳೂ ಗುರುತು ಸಿಗುತ್ತವೆ. ಪಾತ್ರ ತೊಟ್ಟಿದ್ದಾರೆ, ತಮ್ಮ ಮೈಬಣ್ಣ ಹಾಗೇ ಬಿಟ್ಟಿದ್ದಾರೆ.

"ದೊಡ್ಡ ರಂಗಭೂಮಿಯಲ್ಲಿ ಬಳಿಯುತ್ತಾರಲ್ಲ?" ಬಳಿಯುತ್ತಿದ್ದರು. ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಒಪೆರಾದಲ್ಲಿ ಕಪ್ಪು ಸೇನಾಪತಿ ಒಥೆಲೋ ಪಾತ್ರಕ್ಕೆ 1891ರಿಂದ ಗಾಢ ಬಣ್ಣ ಹಾಕುತ್ತಿದ್ದರು. 2015ರಲ್ಲಿ ನಿಲ್ಲಿಸಿದರು. ಒಪೆರಾ ಮುಳುಗಲಿಲ್ಲ. ಹಾಡು ಅದೇ, ಹೊಟ್ಟೆಕಿಚ್ಚು ಅದೇ, ಕೊಲೆ ಅದೇ. 2022ರಲ್ಲಿ ಇಟಲಿಯ ವೆರೋನಾದಲ್ಲಿ ಇಥಿಯೋಪಿಯಾದ ರಾಜಕುಮಾರಿಯ ಕಥೆಯಾದ ಐಡಾ ಒಪೆರಾಕ್ಕೆ ಗಾಢ ಬಣ್ಣ ಬಳಿದದ್ದನ್ನು ನೋಡಿ, ಅಲ್ಲೇ ಬೇರೆ ಒಪೆರಾದಲ್ಲಿ ಹಾಡಬೇಕಿದ್ದ ಕಪ್ಪು ಗಾಯಕಿ ಏಂಜಲ್ ಬ್ಲೂ ತಾವು ಬರುವುದಿಲ್ಲ ಎಂದು ಹಿಂದೆ ಸರಿದರು. ನೋವು ಹಳೆಯದಾಗಿಲ್ಲ, ಈಗಲೂ ಹಸಿಯಾಗಿಯೇ ಇದೆ.

"ಹತ್ತಿರದಲ್ಲಿ ಕಪ್ಪು ಜನ ಯಾರೂ ಇಲ್ಲ, ಯಾರಿಗೆ ನೋವಾಗುತ್ತದೆ?" ಫೋಟೊ ಹಾಕುತ್ತೀರಲ್ಲ, ಅದು ಹತ್ತಿರದಲ್ಲೇ ಉಳಿಯುತ್ತದಾ? ಆ ಪಾತ್ರವನ್ನು ನಿಮ್ಮಷ್ಟೇ ಪ್ರೀತಿಸುವ ಯಾವುದೋ ಹುಡುಗಿ ಅದನ್ನು ನೋಡುತ್ತಾಳೆ. ತನ್ನ ಹಾಗಿರುವ ಒಬ್ಬ ನಾಯಕಿ ಸಿಕ್ಕಳು ಅಂತ ಕುಣಿದವಳು ಅವಳು. ಅವಳಿಗೆ ಏನನಿಸಬಹುದು ಯೋಚಿಸಿ.

ಕೊನೆಗೆ ಕಸುಬಿನ ಮಾತು, ಇದು ನನಗೆ ಬಹಳ ಮುಖ್ಯ. ಎಕ್ಸ್-ಮೆನ್ ಕಾಮಿಕ್ಸ್‌ನ ಸ್ಟಾರ್ಮ್ ಗೊತ್ತಲ್ಲ, 1975ರಲ್ಲಿ ಬಂದ ಕಪ್ಪು ಮೈಬಣ್ಣದ ಪಾತ್ರ, ಗಾಳಿ ಮಳೆ ಸಿಡಿಲನ್ನು ಆಳುವವಳು. ಒಂದು ಸ್ಪರ್ಧೆಯಲ್ಲಿ ಇಬ್ಬರು ಸ್ಟಾರ್ಮ್ ಬಂದಿದ್ದರು. ಒಬ್ಬಳು ಮೈಗೆಲ್ಲ ಗಾಢ ಬಣ್ಣ ಬಳಿದಿದ್ದಳು. ದೀಪದ ಬೆಳಕಿಗೆ ಮುಖ ಚಪ್ಪಟೆಯಾಗಿ, ಜೀವ ಇಲ್ಲದ ಹಾಗೆ ಕಾಣುತ್ತಿತ್ತು. ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ಅವಳದೇ ಬಣ್ಣ ಇಣುಕುತ್ತಿತ್ತು. ಬೆವರಿಗೆ ಕರಗಿ, ಹೆಗಲ ಮೇಲಿಂದ ಇಳಿಬಿಟ್ಟ ಬಿಳಿ ಕೇಪಿನ ಕಾಲರಿಗೆಲ್ಲ ಕಂದು ಕಲೆ. ಇನ್ನೊಬ್ಬಳು ಬಣ್ಣ ಮುಟ್ಟಿರಲಿಲ್ಲ. ಬೆಳ್ಳಿಬಿಳಿ ವಿಗ್‌ನ ಮುಂದಲೆಗೆ ಒಂದೊಂದೇ ಎಳೆ ಕೂರಿಸಿದ್ದಳು, ಎಲ್ಲೂ ಅಂಚು ಕಾಣುತ್ತಿರಲಿಲ್ಲ. ಹುಬ್ಬನ್ನು ಎತ್ತರಿಸಿ ಬರೆದಿದ್ದಳು. ಕೇಪಿನ ಅಂಚಿಗೆ ಒಳಗಿಂದ ಸಣ್ಣ ತಂತಿ ಹೊಲಿದಿದ್ದಳು, ಅದಕ್ಕೇ ಗಾಳಿ ಇಲ್ಲದಿದ್ದರೂ ಅದು ಹಾರುವ ಹಾಗೆ ನಿಂತಿತ್ತು. ವೇದಿಕೆಗೆ ಬಂದು ಎರಡು ಕೈ ಎತ್ತಿದಳು ನೋಡಿ, ಇಡೀ ಸಭೆ "ಸ್ಟಾರ್ಮ್!" ಎಂದು ಕೂಗಿತು. ಬಹುಮಾನ ಅವಳಿಗೇ ಕೊಟ್ಟೆವು. ಮೊದಲನೆಯವಳನ್ನು ಆಮೇಲೆ ಪಕ್ಕಕ್ಕೆ ಕರೆದು ಬರ್ಟ್ ವಿಲಿಯಮ್ಸ್ ಕಥೆ ಹೇಳಿದೆ. ಅವಳು ಅಲ್ಲೇ ಕೂತು ಬಣ್ಣ ಒರೆಸಿಕೊಂಡಳು.

ಹಾಗಾಗಿ ಗಾಢ ಫೌಂಡೇಶನ್‌ಗೆ ಇಟ್ಟ ದುಡ್ಡನ್ನು ವಿಗ್‌ಗೆ ಹಾಕಿ. ಅಗ್ಗದ ಹೊಳೆಯುವ ವಿಗ್ ತೆಗೆದುಕೊಂಡಿದ್ದರೆ ಸ್ವಲ್ಪ ಒಣ ಪೌಡರ್ ಉದುರಿಸಿ, ಹೊಳಪು ಇಳಿಯುತ್ತದೆ. ಬಿಳಿ ಕಣ್ಣಿನ ಲೆನ್ಸ್ ಹಾಕುವವರು ಮೊದಲು ಕಣ್ಣಿನ ವೈದ್ಯರ ಹತ್ತಿರ ಅಳತೆ ಮಾಡಿಸಿಕೊಳ್ಳಿ. ಗೆಳೆಯರ ಲೆನ್ಸ್ ಎರವಲು ತಂದು ಹಾಕಿಕೊಳ್ಳಬೇಡಿ, ಕಣ್ಣಿಗೆ ಸೋಂಕು ತಗಲುತ್ತದೆ. ಕೇಪಿಗೆ ಹಾಕುವ ತಂತಿಯ ತುದಿಗಳನ್ನು ಮಡಚಿ ಟೇಪ್ ಸುತ್ತಿ, ಇಲ್ಲದಿದ್ದರೆ ಪಕ್ಕದವರಿಗೆ ಚುಚ್ಚುತ್ತದೆ. ನನ್ನ ಸಮಯ ಆಯಿತು ಎಂದು ಕೈಸನ್ನೆ ಮಾಡುತ್ತಿದ್ದಾರೆ. ನಮಸ್ಕಾರ.