ಕ್ರಿಸ್‌ಮಸ್‌ಗೆ ಕಂಬಳಿ ಹೆಣೆಯಬೇಡಿ

ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಡಬ್ಬ ತೋರಿಸಿಬಿಡುತ್ತೇನೆ. ಬೀರುವಿನ ಮೇಲಿತ್ತು, ಈಗಷ್ಟೇ ಇಳಿಸಿದೆ. ಧೂಳು ಕೂಡ ಒರೆಸಿಲ್ಲ. ಒಳಗೆ ಏನಿದೆ ನೋಡಿ. ಕ್ರೋಶಾ ಚೌಕಗಳು, ಅಂದರೆ ಒಂದೇ ಕೊಕ್ಕೆಯಲ್ಲಿ ದಾರದಿಂದ ಹೆಣೆದ ಚೌಕಗಳು. ಒಂದೊಂದೂ ಅಂಗೈಯಗಲ. ನಡುವೆ ಕೆಂಪು, ಸುತ್ತ ಹಸಿರು, ಅಂಚಿಗೆ ಬಿಳಿ. ಎಣಿಸಿದ್ದೇನೆ, ಒಟ್ಟು 43 ಇವೆ. ಇದು ಮೂರು ವರ್ಷದ ಹಿಂದೆ ಕ್ರಿಸ್‌ಮಸ್‌ಗೆ ನಮ್ಮ ಅತ್ತಿಗೆಗೆ ಕೊಡಬೇಕಾಗಿದ್ದ ಕಂಬಳಿ.

ಕಂಬಳಿ ಅಂತ ನಾನೊಬ್ಬಳೇ ಕರೆಯುವುದು. ನೋಡಿದವರೆಲ್ಲ ಲೋಟದ ಕೆಳಗೆ ಇಡುವ ಬಟ್ಟೆ ಅಂದುಕೊಳ್ಳುತ್ತಾರೆ.

ಆಗ ನಾನು ಲೆಕ್ಕ ಹಾಕಲಿಲ್ಲ. ಈಗ ಹಾಕೋಣ. ಚೌಕ 10 ಸೆಂಟಿಮೀಟರ್. ಕಂಬಳಿ 120ಕ್ಕೆ 150 ಇರಬೇಕು ಅಂದರೆ 180 ಚೌಕ ಬೇಕು. ನನ್ನ ಕೈಗೆ ಒಂದು ಚೌಕಕ್ಕೆ 20 ನಿಮಿಷ ಹಿಡಿಯುತ್ತದೆ. ಅಲ್ಲಿಗೆ 60 ಗಂಟೆ. ಮುಗೀತಾ? ಇಲ್ಲ. ಪ್ರತಿ ಚೌಕಕ್ಕೆ ಮೂರು ಬಣ್ಣ. ಪ್ರತಿ ಬಣ್ಣ ಶುರುವಾದ ಕಡೆ ಒಂದು ತುದಿ, ಮುಗಿದ ಕಡೆ ಒಂದು ತುದಿ. ಒಂದು ಚೌಕಕ್ಕೆ 6 ತುದಿ, 180 ಚೌಕಕ್ಕೆ 1080. ಒಂದೊಂದನ್ನೂ ಸೂಜಿಗೆ ಪೋಣಿಸಿ ಒಳಗೆ ಅಡಗಿಸಬೇಕು. ಅರ್ಧ ನಿಮಿಷಕ್ಕೆ ಒಂದು ಅಂದರೂ 9 ಗಂಟೆ ಅದಕ್ಕೇ ಹೋಯಿತು. ಚೌಕಗಳನ್ನು ಒಂದಕ್ಕೊಂದು ಜೋಡಿಸುವುದು ಇನ್ನೂ ಬಾಕಿ.

ನಾನು ಶುರು ಮಾಡಿದ್ದು ಡಿಸೆಂಬರ್ 1ಕ್ಕೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ನಾನು ಹಾಸಿಗೆಯನ್ನೇ ಹೆಣೆಯಲು ಹೊರಟಿದ್ದೆ. 24ರ ರಾತ್ರಿ ಹೆಬ್ಬೆರಳ ಬುಡ ಊದಿಕೊಂಡಿತ್ತು. ಅಂಗಡಿಗೆ ಓಡಿ ಒಂದು ಪರಿಮಳದ ಮೇಣದಬತ್ತಿ ತಂದು ಕೊಟ್ಟೆ. ಅತ್ತಿಗೆ ಖುಷಿಯಾಗಿ ಉರಿಸಿ ಮುಗಿಸಿದರು. ಕಂಬಳಿಯ ಸುದ್ದಿ ಅವರಿಗೆ ಗೊತ್ತೇ ಇಲ್ಲ. ಇವತ್ತು ಈ ವಿಡಿಯೋ ನೋಡಿದರೆ ಗೊತ್ತಾಗುತ್ತದೆ. ಅತ್ತಿಗೆ, ಕ್ಷಮಿಸಿ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಕ್ರಿಸ್‌ಮಸ್‌ಗೆ ಕೈಯಾರೆ ಹೆಣೆದು ಕೊಡಿ, ಖಂಡಿತ ಕೊಡಿ. ಆದರೆ ಕಂಬಳಿ ಬೇಡ, ಸ್ವೆಟರ್ ಬೇಡ, ಹನ್ನೆರಡು ಜನರ ಪಟ್ಟಿಯಂತೂ ಬೇಡವೇ ಬೇಡ. ಒಂದು ಸಂಜೆಗೆ ಮುಗಿಯುವಂಥದ್ದು ಹೆಣೆಯಿರಿ. ಇಬ್ಬರಿಗೋ ಮೂವರಿಗೋ ಸಾಕು. ಉಳಿದವರಿಗೆ ಅಂಗಡಿಯಿಂದ ತನ್ನಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೈಯಲ್ಲಿ ಮಾಡಿದ್ದು ಅಂದ ಮಾತ್ರಕ್ಕೆ ಅದು ಒಳ್ಳೆಯ ಉಡುಗೊರೆ ಆಗಿಬಿಡುವುದಿಲ್ಲ. ಈ ಮಾತಿಗೆ ಬೈಯುವವರು ಇದ್ದಾರೆ ಅಂತ ಗೊತ್ತು. ಬೈಯಿರಿ, ಆದರೆ ಪೂರ್ತಿ ಕೇಳಿ ಆಮೇಲೆ ಬೈಯಿರಿ.

ಕ್ರೋಶಾದಲ್ಲಿ ಒಂದು ವಿಷಯ ಉಳಿದ ಕೈಕೆಲಸಗಳಿಗಿಂತ ಬೇರೆ. ಅದಕ್ಕೆ ಯಂತ್ರ ಇಲ್ಲ. ಕಡ್ಡಿಗಳಲ್ಲಿ ಹೆಣೆಯುವ ನಿಟ್ಟಿಂಗ್‌ಗೆ 1589ರಲ್ಲೇ ಇಂಗ್ಲೆಂಡಿನ ವಿಲಿಯಂ ಲೀ ಅನ್ನುವವರು ಯಂತ್ರ ಕಟ್ಟಿದರು. ನೇಯ್ಗೆಗೆ ಯಂತ್ರ ಇದೆ, ಕಸೂತಿಗೆ ಯಂತ್ರ ಇದೆ. ಕ್ರೋಶಾ ಹಾಕಿ ರಾಶಿ ರಾಶಿ ಹೊರಗೆ ತಳ್ಳುವ ಕಾರ್ಖಾನೆ ಯಂತ್ರ ಮಾತ್ರ ಇಲ್ಲ. ಯಾಕೆ ಅಂದರೆ, ನಿಟ್ಟಿಂಗ್‌ನಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ಬಾಯಿ ತೆರೆದು ಸಾಲಾಗಿ ಕೂತಿರುತ್ತವೆ. ಒಂದೊಂದು ಕುಣಿಕೆಗೆ ಒಂದೊಂದು ಸೂಜಿ ಕೊಟ್ಟರೆ ಯಂತ್ರದ ಕೆಲಸ ಆಯಿತು. ಕ್ರೋಶಾದಲ್ಲಿ ಹಾಗಲ್ಲ. ಒಂದು ಹೊಲಿಗೆ ಮುಚ್ಚಿದ ಮೇಲೇ ಮುಂದಿನದು. ಕೊಕ್ಕೆ ಹಿಂದಿನ ಸಾಲಿನೊಳಗೆ ಹೊಕ್ಕು, ದಾರ ಹಿಡಿದು, ವಾಪಸ್ ಬರಬೇಕು. ಎಲ್ಲಿ ಹೊಕ್ಕಬೇಕು ಅನ್ನುವುದು ಪ್ರತಿ ಸಲ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಆ ತೂತನ್ನು ಬೆರಳು ತಡವಿ ಹುಡುಕುತ್ತದೆ. 'ಕ್ರೋಶಾ ಮೆಷಿನ್' ಅಂತ ಹೆಸರಿಟ್ಟ ಯಂತ್ರಗಳಿವೆ ನಿಜ. ಅವು ಮಾಡುವುದು ಬೇರೆ ಜಾತಿಯ ಹೆಣಿಗೆ, ದೂರದಿಂದ ಕ್ರೋಶಾ ಥರ ಕಾಣುತ್ತದೆ ಅಷ್ಟೇ.

ಅಂದರೆ ಏನಾಯಿತು? ಅಂಗಡಿಯಲ್ಲಿ ತೂಗುಹಾಕಿರುವ ಅಸಲಿ ಕ್ರೋಶಾ ನಕ್ಷತ್ರ ಎಷ್ಟೇ ಅಗ್ಗವಾಗಿರಲಿ, ಅದನ್ನು ಯಾರೋ ಒಬ್ಬರು ಕೂತು ಹೆಣೆದಿದ್ದಾರೆ. ಬೆಲೆ ತೀರಾ ಕಡಿಮೆ ಇದ್ದರೆ ಅವರ ಕೈಗೆ ಎಷ್ಟು ಸೇರಿರಬಹುದು, ನೀವೇ ಯೋಚಿಸಿ. ಇದೇನು ಹೊಸ ಕಥೆಯಲ್ಲ. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಬರಗಾಲ ಬಂತಲ್ಲ, ಆಗ ಎಷ್ಟೋ ಮನೆಗಳಿಗೆ ಅನ್ನ ಹಾಕಿದ್ದು ಕ್ರೋಶಾ ಲೇಸು. ಸೂಜಿಯಲ್ಲಿ ಮಾಡುವ ವೆನಿಸ್ಸಿನ ದುಬಾರಿ ಲೇಸನ್ನು ಹೋಲುವಂಥದ್ದನ್ನು ಇವರು ಕೊಕ್ಕೆಯಲ್ಲಿ ಬೇಗ ಬೇಗ ಹೆಣೆದು ಮಾರುತ್ತಿದ್ದರು. ಅವರಿಗೆ ಅದು ಹವ್ಯಾಸ ಆಗಿರಲಿಲ್ಲ.

ಅದಕ್ಕೇ ನನಗೆ ಒಂದು ಮಾತು ಕೇಳಿದರೆ ಮೈ ಉರಿಯುತ್ತದೆ. ಒಮ್ಮೆ ಪರಿಚಯದವರೊಬ್ಬರಿಂದ ಡಿಸೆಂಬರ್ 18ಕ್ಕೆ ಮೆಸೇಜ್ ಬಂತು. 'ಹೇಗೂ ಟಿವಿ ಮುಂದೆ ಸುಮ್ನೆ ಕೂತಿರ್ತೀಯಲ್ಲ, ನಮ್ಮನೆಗೂ ಒಂದು ಹತ್ತು ಸ್ಟಾರ್ ಹಾಕಿಕೊಡು, ದಾರದ ದುಡ್ಡು ಕೊಡ್ತೀನಿ.' ದಾರದ ದುಡ್ಡು! ನಾನು 'ಆಗಲ್ಲ' ಅಂತ ಒಂದೇ ಪದ ಬರೆದು ಕಳಿಸಿದೆ. ಆಮೇಲೆ ಸಂಕಟ ಆಯಿತು, ಎರಡು ನಕ್ಷತ್ರ ಹಾಕಿ ಕೊಟ್ಟೆ. ಹಾಗೆ ಕೊಟ್ಟಿದ್ದು ತಪ್ಪು ಅಂತ ಈಗಲೂ ಅನಿಸುತ್ತದೆ.

ಸರಿ, ಹಾಗಾದರೆ ಏನು ಹೆಣೆಯಬೇಕು?

ನನ್ನ ಓಟು ಹಿಮದ ಹರಳಿಗೆ. ಮರಕ್ಕೆ ತೂಗುಹಾಕುವುದು, ಕಿಟಕಿಗೆ ಕಟ್ಟುವುದು, ಉಡುಗೊರೆ ಡಬ್ಬದ ಮೇಲೆ ರಿಬ್ಬನ್ ಜೊತೆ ಸಿಕ್ಕಿಸುವುದು, ಯಾವುದಕ್ಕೂ ಆಗುತ್ತದೆ. 10 ನಂಬರಿನ ಬಿಳಿ ಹತ್ತಿ ದಾರ, 1.5 ಮಿಲಿಮೀಟರ್ ಕೊಕ್ಕೆ. ನಡುವೆ ಒಂದು ಉಂಗುರ, ಅದರ ಸುತ್ತ ಹೊಲಿಗೆ, ಆಮೇಲೆ ಆರು ಕಡೆ ಚೈನಿನ, ಅಂದರೆ ಸರಪಳಿಯಂತೆ ಸಾಲಾಗಿ ಹಾಕಿದ ಕುಣಿಕೆಗಳ ಕಮಾನು, ತುದಿಗೆ ಪುಟ್ಟ ಮೊನೆ. ನಾಲ್ಕೈದು ಸುತ್ತಿಗೆ ಮುಗಿಯುತ್ತದೆ. ಕೊಕ್ಕೆಯಿಂದ ತೆಗೆದಾಗ ಮಾತ್ರ ಹೆದರಬೇಡಿ. ಅದು ಮುದುಡಿಕೊಂಡ ಟಿಶ್ಯೂ ಪೇಪರ್ ಥರ ಇರುತ್ತದೆ. ನಾನು ಮೊದಲ ಸಲ ಮಾಡಿದ್ದನ್ನು ಕಸದ ಬುಟ್ಟಿಗೇ ಹಾಕಿದ್ದೆ.

ಜಾದೂ ನಡೆಯುವುದು ಆಮೇಲೆ. ಒಂದು ಕಾಗದದ ಮೇಲೆ ವೃತ್ತ ಬರೆದು, ನಡುವಿನಿಂದ 60 ಡಿಗ್ರಿಗೊಂದರಂತೆ ಆರು ಗೆರೆ ಎಳೆಯಿರಿ. ಅದನ್ನು ಥರ್ಮೊಕೋಲ್ ಮೇಲಿಟ್ಟು ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿ ಹರಳನ್ನು ಅದ್ದಿ, ಹಿಂಡಿ, ಕಾಗದದ ಮೇಲೆ ಹರಡಿ. ಬಟ್ಟೆಗೆ ಹಾಕುವ ಗಂಜಿಯೂ ಆಗುತ್ತದೆ. ಆರೂ ಮೊನೆಗಳನ್ನು ಗೆರೆಯ ಮೇಲೆ ಎಳೆದು ಪಿನ್ ಚುಚ್ಚಿ. ಆಮೇಲೆ ಕಮಾನುಗಳಿಗೂ ಒಂದೊಂದು ಪಿನ್. ಪಿನ್ ತುಕ್ಕು ಹಿಡಿಯದಂಥದ್ದೇ ಆಗಿರಲಿ. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಬಿಳಿ ಹರಳಿನ ತುಂಬ ಕಂದು ಚುಕ್ಕೆ ಬಿದ್ದಿರುತ್ತವೆ, ಒಗೆದರೂ ಹೋಗುವುದಿಲ್ಲ. ರಾತ್ರಿ ಒಣಗಲು ಬಿಟ್ಟು ಬೆಳಿಗ್ಗೆ ಪಿನ್ ಕಿತ್ತು ಎತ್ತಿ ಹಿಡಿದರೆ, ನಿನ್ನೆಯ ಆ ಮುದ್ದೆ ಗರಿಗರಿಯಾಗಿ ನಿಂತಿರುತ್ತದೆ.

ಆರೇ ಮೊನೆ ಇರಬೇಕು ಅನ್ನುವುದು ನನ್ನ ಹಠ. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಆರು ಮೂಲೆಯ ಜೋಡಣೆಯಲ್ಲಿ ಕೂರುತ್ತವೆ, ಅದಕ್ಕೆ ಹಿಮದ ಹರಳಿಗೂ ಆರು. ಗ್ರಹಗಳ ಚಲನೆಯ ನಿಯಮ ಹೇಳಿದ ಕೆಪ್ಲರ್ ಇದ್ದಾರಲ್ಲ, ಹಿಮಕ್ಕೆ ಯಾವಾಗಲೂ ಆರು ಮೂಲೆ ಯಾಕೆ ಅಂತ ತಲೆ ಕೆಡಿಸಿಕೊಂಡು 1611ರಲ್ಲಿ ಒಂದು ಪುಟ್ಟ ಬರಹ ಬರೆದರು. ಅದನ್ನು ತಮ್ಮ ಆಶ್ರಯದಾತನಿಗೆ ಹೊಸ ವರ್ಷದ ಉಡುಗೊರೆಯಾಗಿ ಕೊಟ್ಟರು. ಅದೂ ಕೈಯಾರೆ ಮಾಡಿದ ಉಡುಗೊರೆಯೇ, ಅಲ್ವಾ? ಚಿಕ್ಕದು ಬೇರೆ. ನೀವು ಎಂಟು ಮೊನೆ ಹಾಕಿದರೆ ಅದನ್ನು ನಕ್ಷತ್ರ ಅನ್ನಿ, ನನ್ನ ತಕರಾರಿಲ್ಲ.

ಗೊಂಬೆಗಳ ಬಗ್ಗೆ ಎರಡು ಮಾತು. ಅಮಿಗುರುಮಿ ಅಂತ ಜಪಾನಿ ಹೆಸರಿನ ಈ ಪುಟಾಣಿ ಗೊಂಬೆಗಳು ಈಗ ಎಲ್ಲರಿಗೂ ಬೇಕು. ಹಾಕುವುದು ಕಷ್ಟವಲ್ಲ. ಉಂಗುರದಲ್ಲಿ 6 ಹೊಲಿಗೆ, ಮುಂದಿನ ಸುತ್ತಿಗೆ 12, ಆಮೇಲೆ 18, 24. ಸುತ್ತಿಗೆ ಆರಾರು ಏರಿಸುತ್ತಾ ಹೋದರೆ ತಟ್ಟೆಯಂತೆ ಹರಡುತ್ತದೆ. ಏರಿಸುವುದು ನಿಲ್ಲಿಸಿದರೆ ಬಟ್ಟಲಾಗುತ್ತದೆ. ಸುತ್ತು ಎಲ್ಲಿ ಶುರುವಾಯಿತು ಅಂತ ಗುರುತಿಗೆ ಒಂದು ಬೇರೆ ಬಣ್ಣದ ದಾರದ ಚೂರು ಸಿಕ್ಕಿಸಿಕೊಳ್ಳಿ. 'ನೆನಪಿರುತ್ತೆ ಬಿಡು' ಅಂದುಕೊಂಡರೆ ಕೆಟ್ಟಿರಿ.

ನಾನು ಎಡವಿದ್ದು ಇನ್ನೊಂದು ಕಡೆ. ಬ್ರಿಟನ್ನಿನವರು ಡಬಲ್ ಕ್ರೋಶೆ ಅನ್ನುವುದನ್ನು ಅಮೆರಿಕದವರು ಸಿಂಗಲ್ ಕ್ರೋಶೆ ಅನ್ನುತ್ತಾರೆ. ಹೊಲಿಗೆ ಒಂದೇ, ಹೆಸರು ಬೇರೆ. ನಾನು ಬ್ರಿಟಿಷ್ ಪ್ಯಾಟರ್ನನ್ನು, ಅಂದರೆ ಹೆಣೆಯುವ ವಿಧಾನ ಬರೆದ ಸೂಚನೆಯನ್ನು, ಅಮೆರಿಕದ ಲೆಕ್ಕದಲ್ಲಿ ಓದಿಕೊಂಡು ಸಾಂತಾ ಗೊಂಬೆ ಹಾಕಿದೆ. ತಲೆ ಸೋರೆಕಾಯಿ ಆಯಿತು. ಹೊಲಿಗೆಗಳ ಸಂದಿಯಿಂದ ಹತ್ತಿ ಇಣುಕುತ್ತಿತ್ತು. ಹಾಗಾಗಿ ಶುರು ಮಾಡುವ ಮೊದಲು ಪ್ಯಾಟರ್ನ್ ಯಾವ ದೇಶದ್ದು ಅಂತ ನೋಡಿಕೊಳ್ಳಿ.

ಇನ್ನು ಇದು ತಮಾಷೆಯಲ್ಲ. 3 ವರ್ಷದೊಳಗಿನ ಮಗುವಿಗೆ ಕೊಡುವ ಗೊಂಬೆಗೆ ಪ್ಲಾಸ್ಟಿಕ್ ಕಣ್ಣು, ಮಣಿ, ಗೆಜ್ಜೆ ಯಾವುದೂ ಬೇಡ. 'ಸೇಫ್ಟಿ ಐಸ್' ಅಂತ ಹೆಸರಿದ್ದರೂ ಬೇಡ. ಮಗು ಕಚ್ಚಿ ಎಳೆದರೆ ಹೊಲಿಗೆ ಸಡಿಲವಾಗಿ ಕಣ್ಣು ಹೊರಬರಬಹುದು, ಗಂಟಲಿಗೆ ಸಿಕ್ಕಬಹುದು. ಕಪ್ಪು ದಾರದಲ್ಲಿ ಕಣ್ಣು ಹೊಲಿಯಿರಿ. ನಿದ್ದೆ ಮಾಡುವ ಕಣ್ಣು ಹೊಲಿದರೆ ನೋಡಲು ಇನ್ನೂ ಮುದ್ದಾಗಿರುತ್ತದೆ.

ದಾರದ ವಿಷಯಕ್ಕೂ ಒಂದು ಪೆಟ್ಟು ತಿಂದಿದ್ದೇನೆ. ಗೆಳತಿಗೆ ಬಿಸಿ ಪಾತ್ರೆ ಇಡುವ ಬಟ್ಟೆ ಹಾಕಿಕೊಟ್ಟೆ, ಕೈಗೆ ಸಿಕ್ಕ ಕೆಂಪು ಅಕ್ರಿಲಿಕ್ ಉಲ್ಲನ್‌ನಲ್ಲಿ. ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್ಕೇ. ಒಲೆಯಿಂದ ಇಳಿಸಿದ ಪಾತ್ರೆ ಅದರ ಮೇಲೆ ಕೂತಿತು, ಬಟ್ಟೆ ಕರಗಿ ಪಾತ್ರೆಯ ತಳಕ್ಕೆ ಅಂಟಿಕೊಂಡಿತು. ಅವಳು ಫೋಟೋ ಕಳಿಸಿ ಕೆಳಗೆ ಬರೀ ನಗುವ ಮುಖ ಹಾಕಿದ್ದಳು. ಬಿಸಿಗೆ, ಅಡುಗೆಮನೆಗೆ ಹತ್ತಿ ದಾರವೇ ಸರಿ. ಅಸಲಿ ಉಣ್ಣೆಯದ್ದಾದರೆ ಬಿಸಿನೀರಿನಲ್ಲಿ ಒಗೆಯಬೇಡಿ ಅಂತ ಚೀಟಿ ಇಟ್ಟು ಕೊಡಿ. ಇಲ್ಲದಿದ್ದರೆ ದೊಡ್ಡವರ ಟೋಪಿ ಗೊಂಬೆಯ ಟೋಪಿ ಆಗಿ ವಾಪಸ್ ಬರುತ್ತದೆ.

ಮತ್ತೆ ದೊಡ್ಡದು, ಜಾಸ್ತಿ ಅನ್ನುವ ಆಸೆ ಹುಟ್ಟಿದರೆ ವಿಕ್ಟೋರಿಯಾ ರಾಣಿಯನ್ನು ನೆನಪಿಸಿಕೊಳ್ಳಿ. 1900ರಲ್ಲಿ, ವಯಸ್ಸು 80ರ ಆಸುಪಾಸಿನಲ್ಲಿ, ದಕ್ಷಿಣ ಆಫ್ರಿಕಾದ ಯುದ್ಧದಲ್ಲಿದ್ದ ಸೈನಿಕರಿಗಾಗಿ ಅವರು ಕೈಯಾರೆ ಕ್ರೋಶಾ ಸ್ಕಾರ್ಫ್ ಹೆಣೆದರು. ಎಷ್ಟು ಗೊತ್ತಾ? ಎಂಟು. ಅಷ್ಟು ದೊಡ್ಡ ಸಾಮ್ರಾಜ್ಯದ ರಾಣಿಯೇ ಎಂಟಕ್ಕೆ ಕೈ ನಿಲ್ಲಿಸಿದ ಮೇಲೆ ನಾವು ಹನ್ನೆರಡರ ಪಟ್ಟಿ ಹಿಡಿದು ಕೂರಬೇಕಾ?

ಕೊನೆಗೆ, ಕೊಟ್ಟ ಮೇಲಿನ ಮಾತು. ನಾವು ಹೆಣೆಯುವವರಿಗೆ ಒಂದು ಕೆಟ್ಟ ಚಾಳಿ ಇದೆ. ಯಾರ ಮನೆಗೆ ಹೋದರೂ ನಮ್ಮ ಕಣ್ಣು ನಾವು ಕೊಟ್ಟ ವಸ್ತುವನ್ನೇ ಹುಡುಕುತ್ತದೆ. ಕಾಣದಿದ್ದರೆ 'ಅದೆಲ್ಲಿ?' ಅಂತ ಕೇಳಿಯೂ ಬಿಡುತ್ತೇವೆ. ಪಾಪ, ಅವರು ಒಳಗೆ ಓಡಿ ಎಲ್ಲಿಂದಲೋ ತಂದು ತೋರಿಸಬೇಕು. ನಾನೂ ಕೇಳುತ್ತಿದ್ದೆ, ಈಗ ಬಿಟ್ಟಿದ್ದೇನೆ. ಬಿಡುವಂತೆ ಮಾಡಿದ್ದು ಇಬ್ಬರು.

ಒಂದು ಕ್ರಿಸ್‌ಮಸ್‌ಗೆ ನಮ್ಮ ಚಿಕ್ಕಮ್ಮನಿಗೆ ಮತ್ತು ಅದೇ ಅತ್ತಿಗೆಗೆ ಪಾತ್ರೆ ಒರೆಸುವ ಹತ್ತಿ ಬಟ್ಟೆ ಹೆಣೆದು ಕೊಟ್ಟೆ. ಇಬ್ಬರಿಗೂ ಒಂದೇ ಥರದ್ದು. 32 ಚೈನ್ ಹಾಕಿ ಶುರು, ಬಿಳಿ ದಾರ, ಅಂಚಿಗೆ ಕೆಂಪು ಗೆರೆ. ಚಿಕ್ಕಮ್ಮ ಅದನ್ನು ಮಡಚಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬೀರುವಿನ ಒಳಗೆ ಇಟ್ಟರು. 'ಇಷ್ಟು ಚೆಂದದ್ದರಲ್ಲಿ ಪಾತ್ರೆ ಒರೆಸೋಕೆ ಮನಸ್ಸು ಬರಲ್ಲ ಕಣೇ' ಅಂದರು. ಇವತ್ತಿಗೂ ಅದು ಕವರಿನಲ್ಲೇ ಇದೆ.

ಅತ್ತಿಗೆ ಅದೇ ದಿನ ಅದರಲ್ಲಿ ಒಲೆಕಟ್ಟೆ ಒರೆಸಿದರು. ನನ್ನ ಎದುರಿಗೇ. ಎದೆ ಧಸಕ್ ಅಂತು, ಸುಳ್ಳು ಯಾಕೆ ಹೇಳಲಿ. ಹೋದ ತಿಂಗಳು ಅದನ್ನು ಹಿಡಿದುಕೊಂಡು ಬಂದರು. ಬಿಳಿ ಹೋಗಿ ಬೂದಿಯಾಗಿದೆ, ನಡುವೆ ಎರಡು ಬೆರಳು ತೂರುವಷ್ಟು ತೂತು. 'ಇಂಥದ್ದೇ ಇನ್ನೊಂದು ಹಾಕಿಕೊಡ್ತೀಯಾ? ಸ್ವಲ್ಪ ಅಗಲ ಇರಲಿ, ಮೂಲೆಗೆ ಮೊಳೆಗೆ ಸಿಕ್ಕಿಸೋಕೆ ಒಂದು ಕುಣಿಕೆ ಬೇಕು' ಅಂದರು.

ಈ ಸಲ 38 ಚೈನ್ ಹಾಕಿದ್ದೇನೆ. ಇಲ್ಲಿ, ನೋಡಿ. ನಾಲ್ಕು ಸಾಲು ಆಗಿದೆ.