ಕಾಕಾನ ವ್ಯಾಲಿಡಿಟಿ ಇದ್ದರೆ ಸಾಕಾ?

ಕೇಳುಗರಿಗೆ ನಮಸ್ಕಾರ. ಹನ್ನೆರಡನೇ ತರಗತಿಯ ಫಲಿತಾಂಶ ಬಂತು ಅಂದರೆ ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತ ಕಡೆಯ ಕೋಳಿ ಸಮಾಜದ ಮನೆಗಳಲ್ಲಿ ಒಂದೇ ಚಿಂತೆ, ವ್ಯಾಲಿಡಿಟಿ, ಅಂದರೆ ಜಾತಿ ಪ್ರಮಾಣಪತ್ರ ಸರಿ ಇದೆ ಅನ್ನುವ ಕಾಗದ, ಬಂತಾ ಅಂತ. ಎಸ್‌ಟಿ ಪ್ರಮಾಣಪತ್ರ ಕೈಯಲ್ಲಿರುತ್ತದೆ. ಆದರೆ ಅದನ್ನು ಪಡತಾಳಣಿ ಸಮಿತಿ ಪರಿಶೀಲಿಸಿ ಸರಿ ಅನ್ನುವವರೆಗೆ ಇಂಜಿನಿಯರಿಂಗ್, ಮೆಡಿಕಲ್ ಸೀಟು ನಿಲ್ಲುವುದಿಲ್ಲ. ಸಾಬೀತು ಮಾಡುವ ಹೊಣೆ ಅರ್ಜಿ ಹಾಕಿದವರದ್ದೇ. ಮಹಾರಾಷ್ಟ್ರದಲ್ಲಿ 2001ರಿಂದ ಜಾರಿಯಲ್ಲಿರುವ ಕಾಯಿದೆ ಹಾಗೆ ಹೇಳುತ್ತದೆ.

ತೊಡಕು ಎಲ್ಲಿದೆ ಅಂದರೆ, ಮಹಾರಾಷ್ಟ್ರದ ಎಸ್‌ಟಿ ಪಟ್ಟಿಯಲ್ಲಿ ಇರುವುದು ಮಹಾದೇವ ಕೋಳಿ, ಮಲ್ಹಾರ ಕೋಳಿ, ಟೋಕರೆ ಕೋಳಿಯಂಥ ಹೆಸರುಗಳು. ಬರೀ ಕೋಳಿ ಅಂದರೆ ಎಸ್‌ಟಿ ಅಲ್ಲ. ಅಜ್ಜನ ಶಾಲೆಯ ದಾಖಲೆಯಲ್ಲಿ ಮಾಸ್ತರರು ಸುಮ್ನೆ ‘ಹಿಂದೂ ಕೋಳಿ’ ಅಂತ ಬರೆದಿದ್ದರೆ ಮೊಮ್ಮಗಳ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಇದೆ ಅಂತ ಓದುವ ಅಧಿಕಾರ ಕೋರ್ಟಿಗೂ ಇಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಮಿಲಿಂದ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ.

ಇಲ್ಲೇ ನೆಂಟರ ಕಾಗದ ಮುಖ್ಯವಾಗುವುದು. ನಿಮ್ಮ ಅಪ್ಪನಿಗೋ ಕಾಕಾನಿಗೋ ಅಥವಾ ಒಡಹುಟ್ಟಿದ ಅಕ್ಕನಿಗೋ ಸಮಿತಿ ವಿಚಾರಣೆ ಮಾಡಿ ವ್ಯಾಲಿಡಿಟಿ ಕೊಟ್ಟಿದ್ದರೆ, ಅದೇ ರಕ್ತದ ನಿಮಗೆ ಬೇರೆ ಜಾತಿ ಹೇಗೆ ಬರುತ್ತದೆ, ಅಲ್ವಾ? ಬಾಂಬೆ ಹೈಕೋರ್ಟ್ 2010ರಲ್ಲಿ ಅಪೂರ್ವಾ ನಿಚಳೆ ಪ್ರಕರಣದಲ್ಲಿ ಇದನ್ನು ಒಪ್ಪಿತು. 2023ರ ಮಾರ್ಚ್ 24ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಮಹಾರಾಷ್ಟ್ರದ ಠಾಕೂರ್ ಸಮುದಾಯದ ಸಂಘಟನೆಯೊಂದರ ಪ್ರಕರಣದಲ್ಲಿ ಇನ್ನೂ ಬಿಡಿಸಿ ಹೇಳಿತು. ಸಮಿತಿ ನೋಡಬೇಕಾದದ್ದು ಇಷ್ಟು: ನೆಂಟರ ವ್ಯಾಲಿಡಿಟಿ ಅಸಲಿಯಾ, ಅದನ್ನು ಕೊಡುವಾಗ ಸರಿಯಾದ ವಿಚಾರಣೆ ಆಗಿತ್ತಾ, ಅವರು ನಿಜವಾಗಿ ನಿಮ್ಮ ತಂದೆ ಕಡೆಯ ರಕ್ತಸಂಬಂಧಿಯಾ.

ಆ ಮೂರನೆಯದರಲ್ಲೇ ನಮ್ಮವರು ಜಾಸ್ತಿ ಎಡವುತ್ತಾರೆ. ವಂಶಾವಳಿ ಬಿಡಿಸುವಾಗ ಒಬ್ಬ ಅಣ್ಣನ ಹೆಸರು ಬಿಟ್ಟಿರುತ್ತಾರೆ, ಇಲ್ಲಾ ಶಾಲೆಯಲ್ಲಿ ಒಂದು ಅಡ್ಡಹೆಸರು, ಹೊಲದ ಉತಾರೆಯಲ್ಲಿ ಇನ್ನೊಂದು. ಕಾಕಾನ ಅರ್ಜಿಯ ಜೊತೆ ಕೊಟ್ಟ ವಂಶಾವಳಿಗೂ ನಿಮ್ಮದಕ್ಕೂ ತಾಳೆ ಇರಲೇಬೇಕು, ಹಾಗಾಗಿ ಅರ್ಜಿ ತುಂಬುವ ಮೊದಲು ಅವರ ಮನೆಗೆ ಹೋಗಿ ಆ ಹಳೆ ಫೈಲನ್ನು ತೆಗೆಸಿ ನೋಡಿ. ಆಸ್ತಿ ಜಗಳ ಇದ್ದರೂ ಹೋಗಿ. ಹುಡುಗಿಯ ಓದು ಅದಕ್ಕಿಂತ ದೊಡ್ಡದು.

ನಮ್ಮ ಗಡಿಯವರಿಗೆ ಇನ್ನೊಂದು ಪೇಚು. ಅರ್ಧ ನೆಂಟರು ಅಫಜಲಪುರ, ಆಳಂದ, ಇಂಡಿಯಲ್ಲಿ. ಅವರಿಗೆ ಕರ್ನಾಟಕದಲ್ಲಿ ಎಸ್‌ಟಿ ಪ್ರಮಾಣಪತ್ರ ಇದೆ ಅಂತ ಮಹಾರಾಷ್ಟ್ರದಲ್ಲಿ ನೀವು ಎಸ್‌ಟಿ ಆಗುವುದಿಲ್ಲ, ಯಾಕೆಂದರೆ ಪಟ್ಟಿ ರಾಜ್ಯಕ್ಕೊಂದು. ತಾಯಿ ಕಡೆಯ ಮಾವನ ವ್ಯಾಲಿಡಿಟಿಯೂ ಸಾಮಾನ್ಯವಾಗಿ ನಡೆಯುವುದಿಲ್ಲ. ತಂದೆ ಬೇರೆ ಜಾತಿಯವರಾಗಿ ಮಗು ತಾಯಿಯ ಬುಡಕಟ್ಟಿನಲ್ಲೇ ಬೆಳೆದಿದ್ದರೆ ಅದು ಬೇರೆ ಮಾತು, ಅದನ್ನು 2012ರಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ.

ಮನೆಯಲ್ಲಿ ಯಾರಿಗೂ ವ್ಯಾಲಿಡಿಟಿ ಇಲ್ಲದಿದ್ದರೆ 1950ರ ಹಿಂದಿನ ಕಾಗದ ಹುಡುಕಿ. ಅಕ್ಕಲಕೋಟೆ, ಜತ್ತ ಎರಡೂ 1948ರವರೆಗೆ ಸಂಸ್ಥಾನಗಳು, ಅಲ್ಲಿನ ಹಳೆ ನೋಂದಣಿಗಳು ಮರಾಠಿಯ ಹಳೆ ಮೋಡಿ ಲಿಪಿಯಲ್ಲಿ ಇರಬಹುದು. ಬಲ್ಲವರಿಂದ ಓದಿಸಿ. ಅಂಥ ಅಸಲಿ ಕಾಗದದ ತೂಕ ಜಾಸ್ತಿ. ನಿಮ್ಮ ದೇವರು ಯಾವುದು, ಮದುವೆ ಶಾಸ್ತ್ರ ಹೇಗೆ ಅಂತ ಸಮಿತಿ ಕೇಳುತ್ತದಲ್ಲ, ಪೇಟೆಯಲ್ಲಿ ಹುಟ್ಟಿ ಬೆಳೆದ ಹುಡುಗರು ಅದಕ್ಕೆ ತಡವರಿಸಿದರು ಅಂತ ಮಾತ್ರಕ್ಕೆ ಅರ್ಜಿ ತಳ್ಳುವಂತಿಲ್ಲ. ಆ ಪರೀಕ್ಷೆಯೇ ಕೊನೆಯ ಮಾತಲ್ಲ ಅಂತ 2023ರ ತೀರ್ಪು ಸ್ಪಷ್ಟವಾಗಿ ಹೇಳಿದೆ.

ಸುಳ್ಳು ಕಾಗದ ಮಾತ್ರ ಬೇಡ. ಒಬ್ಬರು ಮೋಸದಿಂದ ಪಡೆದದ್ದು ಬಯಲಾದರೆ ಅದನ್ನು ನೆಚ್ಚಿಕೊಂಡ ತಮ್ಮ, ತಂಗಿ, ಮಕ್ಕಳ ವ್ಯಾಲಿಡಿಟಿಗೂ ನೋಟಿಸು ಬರುತ್ತದೆ, ನಿಜವಾದ ಬುಡಕಟ್ಟಿನ ಮಗುವಿನ ಸೀಟೂ ಅಷ್ಟರಲ್ಲಿ ಹೋಗಿರುತ್ತದೆ.

ಸಮಿತಿ ಅರ್ಜಿ ತಳ್ಳಿದರೆ ಅದಕ್ಕೆ ಮೇಲ್ಮನವಿ ಇಲ್ಲ, ನೇರ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕು. ನೆಂಟರ ವ್ಯಾಲಿಡಿಟಿಯ ಮರುವಿಚಾರಣೆ ನಡೆಯುತ್ತಿದ್ದರೂ, ಅದರ ತೀರ್ಮಾನಕ್ಕೆ ಒಳಪಟ್ಟಂತೆ ಷರತ್ತಿನ ವ್ಯಾಲಿಡಿಟಿ ಕೊಡಿ ಅಂತ ಬಾಂಬೆ ಹೈಕೋರ್ಟ್ ಎಷ್ಟೋ ಮಕ್ಕಳಿಗೆ ಆದೇಶ ಮಾಡಿದೆ. ವಕೀಲರ ಹತ್ತಿರ ಹೋಗುವಾಗ ನೆಂಟರ ವ್ಯಾಲಿಡಿಟಿ ಪ್ರತಿ, ವಂಶಾವಳಿ, ಸಮಿತಿಯ ಆದೇಶ ಮೂರನ್ನೂ ಒಯ್ಯಿರಿ. ಪ್ರವೇಶದ ಕೊನೆಯ ದಿನಕ್ಕೆ ಕಾಯಬೇಡಿ. ನಮಸ್ಕಾರ.