ಆಯಸ್ಕಾಂತದ ಫ್ರಿಜ್‌ನಲ್ಲಿ ನೀರಿನ ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ.

ಕಂಪ್ರೆಸರ್ ಇಲ್ಲದ, ಗ್ಯಾಸ್ ತುಂಬಿಸುವ ತಾಪತ್ರಯ ಇಲ್ಲದ ಫ್ರಿಜ್ ಬರುತ್ತದಂತೆ, ಆಯಸ್ಕಾಂತವೇ ತಂಪು ಮಾಡುತ್ತದಂತೆ ಅನ್ನುವ ಸುದ್ದಿ ನೀವೂ ಎಲ್ಲೋ ಓದಿರಬಹುದು. ಆ ಸುದ್ದಿಗಳಲ್ಲಿ ಆಯಸ್ಕಾಂತದ ಮಾತು ಜಾಸ್ತಿ, ಲೋಹದ ಮಾತು ಜಾಸ್ತಿ. ಒಳಗೆ ಹರಿಯುವ ನೀರಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ಯಾಕೆಂದರೆ ಈ ಯಂತ್ರ ಗೆಲ್ಲುವುದೂ ಸೋಲುವುದೂ ಬಹುಮಟ್ಟಿಗೆ ಆ ನೀರಿನ ಕೈಯಲ್ಲಿದೆ.

ಗ್ಯಾಡೊಲಿನಿಯಂ ಅಂತ ಬೆಳ್ಳಿ ಬಣ್ಣದ ಒಂದು ಲೋಹ. ಬಲವಾದ ಆಯಸ್ಕಾಂತದ ನಡುವೆ ಇಟ್ಟರೆ ಬಿಸಿಯಾಗುತ್ತದೆ, ಹೊರಗೆ ತೆಗೆದರೆ ತಣ್ಣಗಾಗುತ್ತದೆ. ಈ ಗುಣ ಚೆನ್ನಾಗಿ ಕಾಣುವುದು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಆದರೆ 1 ಟೆಸ್ಲಾ ಬಲಕ್ಕೆ (ಟೆಸ್ಲಾ ಅಂದರೆ ಆಯಸ್ಕಾಂತದ ಬಲ ಅಳೆಯುವ ಮಾನ) ಅದು ಬಿಸಿಯಾಗುವುದು ಸುಮಾರು 3 ಡಿಗ್ರಿ ಅಷ್ಟೇ. ಮೂರು ಡಿಗ್ರಿ ಇಟ್ಟುಕೊಂಡು ಫ್ರಿಜ್ ಮಾಡೋಕಾಗುತ್ತಾ? ಆಗಲ್ಲ.

ನೀರು ಬೇಕಾಗುವುದು ಇಲ್ಲೇ. ಲೋಹವನ್ನು ಅರ್ಧ ಮಿಲಿಮೀಟರ್‌ನಷ್ಟು ಸಣ್ಣ ಗುಂಡುಗಳಾಗಿ ಮಾಡಿ ಒಂದು ಪೆಟ್ಟಿಗೆಯಲ್ಲಿ ಒತ್ತಾಗಿ ತುಂಬುತ್ತಾರೆ. ಆಯಸ್ಕಾಂತ ಹತ್ತಿರ ಬಂದು ಗುಂಡುಗಳು ಬಿಸಿಯಾದಾಗ, ನೀರನ್ನು ಪೆಟ್ಟಿಗೆಯ ತಣ್ಣನೆಯ ತುದಿಯಿಂದ ಬಿಸಿ ತುದಿಗೆ ತಳ್ಳಬೇಕು. ಅದು ಬಿಸಿ ಹೊತ್ತುಕೊಂಡು ಹೋಗಿ ಹೊರಗೆ ಬಿಡುತ್ತದೆ. ಆಯಸ್ಕಾಂತ ದೂರ ಸರಿದು ಗುಂಡುಗಳು ತಣ್ಣಗಾದಾಗ, ನೀರು ವಾಪಸ್ ಬರಬೇಕು. ಬರುತ್ತಾ ಬರುತ್ತಾ ತಾನೂ ತಣ್ಣಗಾಗಿ, ಫ್ರಿಜ್ ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಸೆಕೆಂಡಿಗೆ ಒಂದೆರಡು ಸಲ ಹೀಗೆ ಹೋಗಿ ಬಂದು, ಹೋಗಿ ಬಂದು, ಎರಡು ತುದಿಗಳ ನಡುವಿನ ವ್ಯತ್ಯಾಸ ಸ್ವಲ್ಪ ಸ್ವಲ್ಪವೇ ಬೆಳೆಯುತ್ತದೆ.

1976ರಲ್ಲಿ ಅಮೆರಿಕದ ನಾಸಾದಲ್ಲಿ ಜಿ. ವಿ. ಬ್ರೌನ್ ಇದನ್ನು ತೋರಿಸಿಕೊಟ್ಟರು. 7 ಟೆಸ್ಲಾದ ಆಯಸ್ಕಾಂತ, ಗ್ಯಾಡೊಲಿನಿಯಂ, ಆಲ್ಕೋಹಾಲ್ ಬೆರೆಸಿದ ನೀರು. ಅಷ್ಟು ಬಲದಲ್ಲೂ ಲೋಹ ತಾನಾಗಿ ಕೊಡುವುದು 14 ಡಿಗ್ರಿ ಆಸುಪಾಸು. ಅವರಿಗೆ ಸಿಕ್ಕಿದ್ದು 47 ಡಿಗ್ರಿ ವ್ಯತ್ಯಾಸ! ಆ ಹೆಚ್ಚುವರಿ ಎಲ್ಲಾ ದ್ರವವನ್ನು ಸರಿಯಾಗಿ ಬಳಸಿದ್ದರಿಂದ ಬಂದದ್ದು.

ಸರಿಯಾಗಿ ಅಂದರೆ ಹೇಗೆ? ಮೊದಲನೆಯದು ಸಮಯ. ಆಯಸ್ಕಾಂತ ಇನ್ನೂ ಹತ್ತಿರ ಬರುತ್ತಿರುವಾಗಲೇ ನೀರು ಬಿಟ್ಟರೆ, ಲೋಹ ಪೂರ್ತಿ ಬಿಸಿಯಾಗುವ ಮುಂಚೆಯೇ ನೀರು ದಾಟಿ ಹೋಗಿರುತ್ತದೆ. ತಡ ಮಾಡಿದರೆ ಆ ಸುತ್ತಿನಲ್ಲಿ ನೀರಿಗೆ ಸಿಗುವ ಸಮಯವೇ ಕಡಿಮೆಯಾಗುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗದ ಏರುಪೇರೂ ಇಲ್ಲಿ ದೊಡ್ಡದು. ಆಮೇಲೆ ಅಳತೆ. ಒಂದು ಸಲಕ್ಕೆ ತೀರಾ ಕಡಿಮೆ ನೀರು ತಳ್ಳಿದರೆ ತಂಪು ಹುಟ್ಟುವುದೇ ಕಡಿಮೆ. ಜಾಸ್ತಿ ತಳ್ಳಿದರೆ ಇನ್ನೂ ಕಷ್ಟ: ಕಷ್ಟಪಟ್ಟು ಕಟ್ಟಿದ ಬಿಸಿ ತಂಪಿನ ಮೆಟ್ಟಿಲನ್ನು ಆ ನೀರೇ ಕೊಚ್ಚಿಕೊಂಡು ಹೋಗುತ್ತದೆ.

ಇದಕ್ಕಿಂತ ನಾಜೂಕಾದ ಕಾಟ ಒಂದಿದೆ. ಆಯಸ್ಕಾಂತ ತಿರುಗುವ ಯಂತ್ರದಲ್ಲಿ ಸಾಮಾನ್ಯವಾಗಿ ಇಂಥ ಪೆಟ್ಟಿಗೆ ಒಂದೇ ಇರುವುದಿಲ್ಲ, ಸುತ್ತಲೂ ಹಲವು ಇರುತ್ತವೆ. ಒಂದೇ ಪಂಪಿನಿಂದ ಎಲ್ಲಕ್ಕೂ ನೀರು ಹೋಗಬೇಕು. ಗುಂಡುಗಳು ಒಂದರಲ್ಲಿ ಸ್ವಲ್ಪ ಬಿಗಿ, ಇನ್ನೊಂದರಲ್ಲಿ ಸ್ವಲ್ಪ ಸಡಿಲ ಇದ್ದರೆ ಸಾಕು, ಕಾಲುವೆಯ ಮೇಲಿನ ಊರಿಗೆ ನೀರು ತುಂಬಿ ಹರಿದು ಕೊನೆ ಭಾಗದ ಗದ್ದೆ ಒಣಗುತ್ತದಲ್ವಾ, ಹಾಗೇ ಆಗುತ್ತದೆ. ಒಂದೇ ಪೆಟ್ಟಿಗೆಯಲ್ಲೂ ಹೋಗುವ ನೀರಿಗಿಂತ ಬರುವ ನೀರು ಜಾಸ್ತಿಯಾದರೆ, ಆ ಹೆಚ್ಚಿನ ನೀರು ಬಿಸಿಯನ್ನು ನೇರವಾಗಿ ತಣ್ಣನೆಯ ತುದಿಗೇ ತಂದು ಸುರಿಯುತ್ತದೆ. ನಾವು ಓಡಿಸಿದ ಬಿಸಿ ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂದ ಹಾಗೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಪಂಪು ಓಡುತ್ತಿರುತ್ತದೆ, ಆಯಸ್ಕಾಂತ ತಿರುಗುತ್ತಿರುತ್ತದೆ, ತಂಪು ಮಾತ್ರ ಇರುವುದಿಲ್ಲ. ಹಾಗಾಗಿ ಪ್ರತಿ ಪೆಟ್ಟಿಗೆಯ ಹರಿವನ್ನೂ ಬೇರೆ ಬೇರೆಯಾಗಿ ಹೊಂದಿಸುವ ಅನುಕೂಲ ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈ ಹೊಂದಿಸುವ ಕೆಲಸ ವಾಲ್ವುಗಳದು. ತಿರುಗುವ ವಾಲ್ವು ಸರಳ, ಆದರೆ ಸೀಲು ಬಿಗಿ ಮಾಡಿದರೆ ಉಜ್ಜಾಟ, ಸಡಿಲ ಬಿಟ್ಟರೆ ಸೋರಿಕೆ. ಉಜ್ಜಾಟ ಅಂದರೆ ಮತ್ತೆ ಬಿಸಿಯೇ. ಡೆನ್ಮಾರ್ಕ್‌ನ ತಾಂತ್ರಿಕ ವಿಶ್ವವಿದ್ಯಾಲಯದವರು ತಮ್ಮ ಯಂತ್ರದಲ್ಲಿ ವಾಹನದ ಎಂಜಿನ್‌ನಲ್ಲಿರುವಂಥ, ತಿರುಗುವ ಕ್ಯಾಮ್ ಅನ್ನುವ ಉಬ್ಬು ತುಂಡು ಒತ್ತಿದಾಗ ತೆರೆಯುವ ಪಾಪೆಟ್ ವಾಲ್ವು ಹಾಕಿದರು. 81.5 ವ್ಯಾಟ್ ತಂಪು, 15.5 ಡಿಗ್ರಿ ವ್ಯತ್ಯಾಸ, ಹಾಕಿದ ಶಕ್ತಿಯ 3.6 ಪಟ್ಟು ತಂಪು ಸಿಕ್ಕಿತು. ಪಂಪಿನ ಶಕ್ತಿಯನ್ನೂ ಸೇರಿಸಿಯೇ ಈ ಲೆಕ್ಕ ಕೊಟ್ಟಿದ್ದಾರೆ, ಅದು ನನಗೆ ತುಂಬಾ ಇಷ್ಟವಾಯಿತು. ನೀರು ಹರಿಯುವಾಗ ಕಳೆದುಕೊಳ್ಳುವ ಒತ್ತಡವನ್ನು ಇನ್ನೂ ಸಾಕಷ್ಟು ತಗ್ಗಿಸಬಹುದು ಅಂತಲೂ ಅವರೇ ಬರೆದಿದ್ದಾರೆ. ಬ್ರೆಜಿಲ್‌ನ ಸಾಂತಾ ಕ್ಯಾಟರೀನ ಫೆಡರಲ್ ವಿಶ್ವವಿದ್ಯಾಲಯದವರು ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವುಗಳ ದಾರಿ ಹಿಡಿದರು. ಅದರಲ್ಲಿ ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದನ್ನು ಕಂಪ್ಯೂಟರಿನಲ್ಲೇ ಬದಲಿಸಬಹುದು, ಲೋಹದ ಕ್ಯಾಮ್ ಮತ್ತೆ ಕಡೆಸಬೇಕಿಲ್ಲ. ಆದರೆ ಆ ವಾಲ್ವುಗಳೂ ಕರೆಂಟು ತಿನ್ನುತ್ತವೆ. ಸಣ್ಣ ಯಂತ್ರದಲ್ಲಿ ಅದು ಕಡಿಮೆ ಖರ್ಚಲ್ಲ.

ಪೈಪಿನ ಮಾತೂ ಇದೆ. ಪೆಟ್ಟಿಗೆಯಿಂದ ವಾಲ್ವಿನವರೆಗಿನ ಪೈಪಿನಲ್ಲಿ ಒಂದಿಷ್ಟು ನೀರು ಸುಮ್ನೆ ಹಿಂದೆ ಮುಂದೆ ಓಲಾಡುತ್ತಿರುತ್ತದೆ, ಬಿಸಿಯನ್ನು ಎಲ್ಲಿಗೂ ತಲುಪಿಸುವುದಿಲ್ಲ. ಪೈಪು ಗಿಡ್ಡ ಇದ್ದಷ್ಟೂ ಒಳ್ಳೆಯದು, ಜೊತೆಗೆ ಒಂದೇ ಕಡೆಗೆ ಬಿಡುವ ಚೆಕ್ ವಾಲ್ವು ಬೇಕು.

ಇದೇ ಯಂತ್ರದ ಬಿಸಿ ತುದಿಯನ್ನು ಮನೆಯ ಕಡೆ ತಿರುಗಿಸಿದರೆ ಚಳಿ ದೇಶಗಳಲ್ಲಿ ಮನೆ ಬೆಚ್ಚಗೆ ಮಾಡಬಹುದು. ನೆಲದಡಿಯ ಪೈಪುಗಳಲ್ಲಿ ನೀರು ಓಡಿಸಿ ಬಿಸಿ ಮಾಡುವ ಮನೆಗಳಿಗೆ ಇದನ್ನು ಜೋಡಿಸುವ ಲೆಕ್ಕಾಚಾರ ಡೆನ್ಮಾರ್ಕ್‌ನಲ್ಲಿ ನಡೆದಿದೆ. ಚಳಿ ಕಡಿಮೆ ಇರುವ ದಿನ ಯಂತ್ರವನ್ನು ಹಾಕಿ ಆರಿಸಿ ಮಾಡುವ ಬದಲು ನೀರಿನ ವೇಗವನ್ನೂ ಆಯಸ್ಕಾಂತ ತಿರುಗುವ ವೇಗವನ್ನೂ ಒಟ್ಟಿಗೆ ಇಳಿಸಬಹುದು. ಒಂದನ್ನು ಬಿಟ್ಟು ಇನ್ನೊಂದನ್ನು ಇಳಿಸಿದರೆ ಪ್ರತಿ ಸಲ ಹೋಗುವ ನೀರಿನ ಅಳತೆ ಕೆಡುತ್ತದೆ, ಆಗ ಮೊದಲು ಹೇಳಿದ ತೊಂದರೆಗಳೆಲ್ಲಾ ಶುರುವಾಗುತ್ತವೆ.

ಇಷ್ಟು ಹೊತ್ತು ಕೇಳಿದ್ದಕ್ಕೆ ಧನ್ಯವಾದ. ನಮಸ್ಕಾರ.